ಬೆನ್ನ ಹಿಂದೆ ದೀಪ, ಕೈಯ ಮೇಲೆ ನೆರಳು

ಅಕ್ಕಲಕೋಟ: ಹೊಸ ಮನೆಯ ವಾಸ್ತುಶಾಂತಿಗೆ ಹೋದವರು ಮೊದಲು ತಲೆ ಎತ್ತಿ ನೋಡುವುದು ಹಾಲ್‌ನ ಛತ್ತು. ಪಿಓಪಿ ಮಾಡಿಸಿರುತ್ತಾರೆ, ಅದರೊಳಗೆ ಸಾಲಾಗಿ ಎಂಟ್ಹತ್ತು ದೀಪ. ಟಿವಿ ಹಿಂದೊಂದು ಪಟ್ಟಿ ದೀಪ, ದೇವರ ಮನೆಗೆ ಹಳದಿ ದೀಪ, ಗೇಟಿನ ಕಂಬಕ್ಕೆ ಎರಡು. ಅಡುಗೆ ಮನೆಗೆ ಬಂದರೆ ಮಾತ್ರ ಒಂದೇ ಟ್ಯೂಬ್. ಅದೂ ಬಾಗಿಲ ಮೇಲಿನ ಗೋಡೆಗೆ, ಅಂದರೆ ಒಲೆಯ ಮುಂದೆ ನಿಂತವರ ಬೆನ್ನ ಹಿಂದೆ.

ಸಂಜೆ ಏಳರ ಹೊತ್ತಿಗೆ ಕಟ್ಟೆಯ ಕಡೆ ಮುಖ ಮಾಡಿ ನಿಂತರೆ ತಲೆ, ಭುಜದ ನೆರಳು ನೇರ ಚಾಕುವಿನ ಮೇಲೆ, ಪಲ್ಲೆಯ ಮೇಲೆ, ಹಿಟ್ಟಿನ ಮೇಲೆ ಬೀಳುತ್ತದೆ. ‘ಸ್ವಲ್ಪ ಅತ್ಲಾಗ ಸರೀರಿ, ಕಾಣವಲ್ದು’ ಎನ್ನುವ ಮಾತು ಗಡಿ ಭಾಗದ ಯಾವ ಅಡುಗೆ ಮನೆಗೂ ಹೊಸದಲ್ಲ. ಪಕ್ಕದವರು ಸರಿದರೆ ಅವರ ನೆರಳು ಹೋದೀತು. ಸ್ವಂತ ನೆರಳು ಎಲ್ಲಿಗೆ ಹೋಗಬೇಕು?

ಇದಕ್ಕೆ ಇರುವ ಉಪಾಯ ದೊಡ್ಡದೇನಲ್ಲ. ಕಟ್ಟೆಯ ಮೇಲಿರುವ ಕಪಾಟಿನ ತಳಕ್ಕೆ, ಕಪಾಟು ಇಲ್ಲದಿದ್ದರೆ ಹಲಗೆಯ ತಳಕ್ಕೆ, ಒಂದು ಉದ್ದನೆಯ ದೀಪ. ಅಂಗಡಿಯವರು ‘ಕ್ಯಾಬಿನೆಟ್ ಲೈಟ್’ ಎನ್ನುತ್ತಾರೆ. ಮಾಡ್ಯುಲರ್ ಕಿಚನ್ ಮಾಡಿಸುವ ಶ್ರೀಮಂತರ ಶೋಕಿ ಎಂದು ಬಹಳ ಮಂದಿ ಇದನ್ನು ಬದಿಗಿಡುತ್ತಾರೆ. ಮಾಡಿಸಿದವರೂ ಎಷ್ಟೋ ಮಂದಿ ಶೋಕಿಗಾಗಿಯೇ ಮಾಡಿಸಿ, ತಪ್ಪು ಜಾಗದಲ್ಲಿ ತಪ್ಪು ದೀಪ ಕೂಡಿಸಿ, ಮತ್ತೆ ಹಳೆಯ ಟ್ಯೂಬನ್ನೇ ಹಚ್ಚಿಕೊಂಡಿದ್ದಾರೆ. ಟೇಲರ್‌ನ ಮಷಿನ್ನಿಗೆ ಸೂಜಿಯ ಹತ್ತಿರ ಒಂದು ಪುಟ್ಟ ಬಲ್ಬ್ ಇರುತ್ತದಲ್ಲ, ಅದರ ಜಾತಿಯದು ಇದು. ಕೆಲಸದ ದೀಪ.

ಹಳೆಯ ಮಾಳಿಗೆ ಮನೆಗಳಲ್ಲಿ ಈ ತೊಂದರೆ ಬೇರೆ ತರಹ ಇತ್ತು. ಮಣ್ಣಿನ ಮಾಳಿಗೆಗೆ ಒಲೆಯ ಹತ್ತಿರ ಬೆಳಕಿಂಡಿ ಬಿಟ್ಟಿರುತ್ತಿದ್ದರು. ಹೊಗೆ ಹೊರಗೆ ಹೋಗುವ ದಾರಿಯಿಂದಲೇ ಬೆಳಕು ಒಳಗೆ ಬರುತ್ತಿತ್ತು. ಕುಂತು ರೊಟ್ಟಿ ಬಡಿಯುವವರ ಮುಂದೆಯೇ ಆ ಬೆಳಕಿನ ಚೌಕ. ರಾತ್ರಿಗೆ ಚಿಮಣಿಯನ್ನು ಒಲೆಯ ಮಗ್ಗುಲಿನ ಗೂಡಿನಲ್ಲಿ ಇಡುತ್ತಿದ್ದರು. ಬೆಳಕು ಕಡಿಮೆ, ಕಣ್ಣಿಗೆ ಹೊಗೆ ಜಾಸ್ತಿ. ಆ ಕಾಲವನ್ನು ಹೊಗಳಬೇಕಾಗಿಲ್ಲ. ಆದರೆ ದೀಪ ಕೈಯ ಹತ್ತಿರ ಇರಬೇಕು ಎನ್ನುವುದು ಮನೆ ಕಟ್ಟುವವರಿಗೆ ಗೊತ್ತಿತ್ತು. ಆಮೇಲೆ ಸ್ಲ್ಯಾಬ್ ಬಂತು, ಗ್ಯಾಸ್ ಬಂತು, ನಿಂತು ಅಡುಗೆ ಮಾಡುವ ಕಟ್ಟೆ ಬಂತು. ಮರಾಠಿಯ ‘ಓಟಾ’ ನಮ್ಮವರ ಬಾಯಲ್ಲೂ ಅದೇ ಆಯಿತು. ಓಟಾ ಗೋಡೆಗೆ ಅಂಟಿದ್ದರಿಂದ ಅಡುಗೆ ಮಾಡುವವರ ಮುಖವೂ ಗೋಡೆಗೆ ತಿರುಗಿತು. ದೀಪ ಮಾತ್ರ ವಾಯರಮನ್‌ಗೆ ಅನುಕೂಲವಾದ ಗೋಡೆಯಲ್ಲೇ ಉಳಿಯಿತು. 2015ರ ಜನವರಿಯಲ್ಲಿ ಕೇಂದ್ರದ ಉಜಾಲಾ ಯೋಜನೆ ಶುರುವಾದ ಮೇಲೆ ಎಲ್‌ಇಡಿ ಬಲ್ಬು ಹಳ್ಳಿ ಹಳ್ಳಿಗೂ ಮುಟ್ಟಿತು. ಹೋಲ್ಡರಿನ ಬಲ್ಬು ಬದಲಾಯಿತು, ಹೋಲ್ಡರಿನ ಜಾಗ ಬದಲಾಗಲಿಲ್ಲ.

ಕಾಣುವುದು, ಕಾಣದಿರುವುದು

ನಮ್ಮ ಭಾಗದ ಅಡುಗೆಗೆ ಕಣ್ಣು ಬಹಳ ಬೇಕು. ಜೋಳದ ರೊಟ್ಟಿ ಬಡಿಯುವಾಗ ಅಂಚು ಸೀಳಿದ್ದು ಕೂಡಲೇ ಕಾಣಬೇಕು. ಹಂಚಿಗೆ ಹಾಕಿ ನೀರು ಸವರಿದ ಮೇಲೆ ಆ ಪಸೆ ಯಾವಾಗ ಆರಿತು ಎಂದು ನೋಡಿಯೇ ಮಗುಚಬೇಕು. ಶೇಂಗಾ ಹುರಿಯುವಾಗ ಕೆಂಪಗಾದದ್ದಕ್ಕೂ ಕರಕಾದದ್ದಕ್ಕೂ ನಡುವೆ ಹೆಚ್ಚು ಹೊತ್ತು ಇರುವುದಿಲ್ಲ. ತೊಗರಿ ಬೇಳೆಯಲ್ಲಿ ಹರಳು, ಅಕ್ಕಿಯಲ್ಲಿ ನುಸಿ, ಮೆಂತೆ ಪಲ್ಲೆಯಲ್ಲಿ ಹುಳ. ಸೋಲಾಪುರದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುವ ಮನೆಗಳಲ್ಲಂತೂ ಬೆಳಗಿನ ಜಾವ ಕತ್ತಲಲ್ಲೇ ಒಲೆ ಹತ್ತುತ್ತದೆ. ಅಲ್ಲಿ ಅಡುಗೆ ಮನೆಯೇ ಕಾರಖಾನೆ, ಆ ದೀಪವೇ ಕಾರಖಾನೆಯ ದೀಪ.

ಇನ್ನೊಂದು ಸಂಗತಿ ವಯಸ್ಸಿನದು. ವಯಸ್ಸಾದಂತೆ ಕಣ್ಣಿನ ಪಾಪೆ ಕಿರಿದಾಗುತ್ತದೆ, ಒಳಗಿನ ಮಸೂರ ಹಳದಿಗಟ್ಟುತ್ತದೆ. ಇಪ್ಪತ್ತರ ಹರೆಯದವರ ಕಣ್ಣಿನ ಒಳಪರದೆಗೆ ಮುಟ್ಟುವ ಬೆಳಕಿನಲ್ಲಿ ಸುಮಾರು ಮೂರನೇ ಒಂದು ಭಾಗ ಮಾತ್ರ ಅರವತ್ತು ದಾಟಿದವರ ಒಳಪರದೆಗೆ ಮುಟ್ಟುತ್ತದೆ. ಮೋತಿಬಿಂದು ಇದ್ದರೆ ಅದಕ್ಕಿಂತಲೂ ಕಡಿಮೆ. ಒಂದೇ ಟ್ಯೂಬಿನ ಕೆಳಗೆ ‘ಲೈಟ್ ಅದಲ್ರಿ ಅತ್ತಿ’ ಎನ್ನುವ ಸೊಸೆ, ‘ನನಗ ಕಾಣವಲ್ದವಾ’ ಎನ್ನುವ ಅತ್ತೆ ಇಬ್ಬರೂ ಹೇಳುವುದು ಖರೇ. ಮರದಲ್ಲಿ ಅಕ್ಕಿ ಹಸನ ಮಾಡುವ ಕೆಲಸ ಸಾಮಾನ್ಯವಾಗಿ ಬರುವುದು ಮಾತ್ರ ಅತ್ತೆಯ ಪಾಲಿಗೆ.

ದೀಪ ಹತ್ತಿರ ಬಂದರೆ ಸಣ್ಣದೇ ಸಾಕಾಗುತ್ತದೆ. ಛತ್ತಿನ ದೀಪ ಇಡೀ ಕೋಣೆಗೆ ಹಂಚಿಕೊಂಡ ಬೆಳಕು ಕೊಡುತ್ತದೆ. ಎರಡಡಿ ಮೇಲಿನ ದೀಪದ ಬೆಳಕು ನೇರ ಕಟ್ಟೆಗೇ ಸಲ್ಲುತ್ತದೆ. ದುಡ್ಡು ಹಾಕುವ ಮೊದಲು ಇದನ್ನು ಪುಕ್ಕಟೆ ನೋಡಬಹುದು. ಸಂಜೆ ಎಂದಿನ ಟ್ಯೂಬ್ ಹಚ್ಚಿ ಕಟ್ಟೆಯ ಮುಂದೆ ನಿಂತು ಈರುಳ್ಳಿ ಹೆಚ್ಚಬೇಕು. ಮನೆಯವರೊಬ್ಬರು ಮೊಬೈಲ್ ಬ್ಯಾಟರಿ ಹಚ್ಚಿ ಕಪಾಟಿನ ತಳಕ್ಕೆ, ಮುಂದಿನ ಅಂಚಿಗೆ, ಕೆಳಮುಖವಾಗಿ ಹಿಡಿಯಬೇಕು. ನೆರಳು ಹೋದದ್ದು ಕಾಣುತ್ತದೆ. ಅದೇ ಬ್ಯಾಟರಿಯನ್ನು ಹಿಂದಕ್ಕೆ ಸರಿಸಿ ಗೋಡೆಗೆ ಹಚ್ಚಿ ಹಿಡಿದರೆ ಫರಕು ಗೊತ್ತಾಗುತ್ತದೆ.

ಮುಂದಿನ ಅಂಚಿಗೆ

ಬಹಳ ಮನೆಗಳಲ್ಲಿ ತಪ್ಪುವುದು ಇಲ್ಲಿಯೇ. ಸುತಾರನಿಗೆ ಸುಲಭ, ವಾಯರ್ ಗೋಡೆಯಿಂದಲೇ ಬಂದಿರುತ್ತದೆ ಎಂದು ದೀಪವನ್ನು ಕಪಾಟಿನ ಹಿಂಭಾಗಕ್ಕೆ, ಗೋಡೆಗೆ ತಾಗಿಸಿ ಕೂಡಿಸುತ್ತಾರೆ. ಟೈಲ್ಸ್ ಝಗಝಗ ಹೊಳೆಯುತ್ತವೆ, ಫೋಟೋ ಚಲೋ ಬರುತ್ತದೆ, ಚಾಕು ಆಡುವ ಜಾಗ ಮಂಕಾಗಿಯೇ ಉಳಿಯುತ್ತದೆ. ಕಟ್ಟೆಯ ಅಗಲ ಎರಡಡಿ ಇದ್ದರೆ ಮೇಲಿನ ಕಪಾಟಿನ ಅಗಲ ಒಂದಡಿಯ ಆಸುಪಾಸು. ದೀಪ ಕಪಾಟಿನ ಮುಂದಿನ ಅಂಚಿಗೆ ಬಂದರೆ ಬೆಳಕು ಕಟ್ಟೆಯ ನಟ್ಟನಡುವೆ ಬೀಳುತ್ತದೆ. ಕೈ ಇರುವುದು ಅಲ್ಲಿಯೇ.

ಆದರೆ ಮುಂದಿನ ಅಂಚಿಗೆ ತಂದ ಕೂಡಲೇ ಇನ್ನೊಂದು ಕಾಟ. ಲೆಕ್ಕ ನೋಡಿ. ಕಟ್ಟೆ 33 ಇಂಚು ಎತ್ತರ, ಅದರ ಮೇಲೆ 24 ಇಂಚು ಬಿಟ್ಟು ಕಪಾಟು ಎಂದರೆ ಕಪಾಟಿನ ತಳ ನೆಲದಿಂದ 57 ಇಂಚು. ಐದಡಿ ಎತ್ತರದ ಹೆಂಗಸಿನ ಕಣ್ಣು ಇರುವುದು ಸುಮಾರು 56 ಇಂಚಿನಲ್ಲಿ. ಅಂದರೆ ದೀಪ ಸರಿಯಾಗಿ ಕಣ್ಣಿನ ಮಟ್ಟಕ್ಕೆ ಬಂತು. ಮುಚ್ಚಿಲ್ಲದ ದೀಪ ದಿನಾ ನಾಲ್ಕು ತಾಸು ಕಣ್ಣಿಗೆ ಹೊಡೆದರೆ ಅದನ್ನು ಯಾರೂ ಹಚ್ಚುವುದಿಲ್ಲ. ಅದಕ್ಕೇ ಕಪಾಟಿನ ಮುಂದಿನ ಅಂಚಿಗೆ ಒಂದೂವರೆ ಇಂಚಿನ ಪಟ್ಟಿ ಕೆಳಗಿಳಿಸಿ, ಅದರ ಒಳಮಗ್ಗುಲಿಗೆ ದೀಪ ಕೂಡಿಸಬೇಕು. ನಿಂತವರಿಗೆ ಬೆಳಕು ಮಾತ್ರ ಕಾಣಬೇಕು, ದೀಪ ಕಾಣಬಾರದು. ಪಟ್ಟಿ ಇಳಿಸಲು ಸುತಾರನಿಗೆ ಅರ್ಧ ದಿನವೂ ಬೇಡ. ಕಪಾಟು ಮಾಡುವ ಮೊದಲೇ ಹೇಳಬೇಕು ಅಷ್ಟೇ.

ಕಟ್ಟೆಯ ಕಲ್ಲನ್ನೂ ನೋಡಬೇಕು. ಕಪ್ಪು ಪಾಲಿಶ್ ಗ್ರಾನೈಟ್ ಕನ್ನಡಿ ಇದ್ದಂಗ. ಬಿಡಿ ಬಿಡಿ ಚುಕ್ಕೆಯಾಗಿ ಉರಿಯುವ ಪಟ್ಟಿ ದೀಪ ಹಾಕಿದರೆ ಕಲ್ಲಿನಲ್ಲಿ ಅಷ್ಟೂ ಚುಕ್ಕೆ ಕಂಡು ಕಣ್ಣು ಕೋರೈಸುತ್ತದೆ. ಹಾಲಿನ ಬಣ್ಣದ ಮುಚ್ಚಳ ಇರುವ ದೀಪವೇ ಬೇಕು. ಪಾಲಿಶ್ ಇಲ್ಲದ ಕಡಪಾ ಕಲ್ಲು ಹೊಳೆಯುವುದಿಲ್ಲ, ಆದರೆ ಬೆಳಕು ನುಂಗುತ್ತದೆ. ಅದಕ್ಕೆ ಸ್ವಲ್ಪ ಜಾಸ್ತಿ ವ್ಯಾಟ್ ಹಿಡಿಯಬೇಕು.

ಒಲೆಯ ನೇರ ಮೇಲೆ ಈ ದೀಪ ಬೇಡ. ಕೆಳಗಿನ ಕಾವು, ಒಗ್ಗರಣೆಯ ಎಣ್ಣೆ ಎರಡೂ ಅದರ ಆಯುಷ್ಯ ಕಡಿಮೆ ಮಾಡುತ್ತವೆ. ಚಿಮಣಿ ಯಂತ್ರ ಇದ್ದವರಿಗೆ ಅದರೊಳಗೇ ದೀಪ ಇರುತ್ತದೆ. ಇಲ್ಲದವರು ಒಲೆಯ ಎಡ-ಬಲಕ್ಕೆ ದೀಪ ಬರುವ ಹಾಗೆ ಮಾಡಿದರೆ ಪಾತ್ರೆಯ ಒಳಗೂ ಬೆಳಕು ಬೀಳುತ್ತದೆ.

ಮಾಂಡಣಿ ಇದ್ದವರು

ಕಪಾಟೇ ಇಲ್ಲದ ಮನೆಗಳೇ ನಮ್ಮಲ್ಲಿ ಹೆಚ್ಚು. ಕಟ್ಟೆಯ ಮೇಲೆ ಸ್ಟೀಲಿನ ಮಾಂಡಣಿ, ಅದರ ತುಂಬ ತಾಟು, ವಾಟಿ. ಅದರ ಕೆಳಗೂ ದೀಪ ಹಾಕಬಹುದು, ಆದರೆ ಮಾಂಡಣಿಗೇ ಬಿಗಿಯಬಾರದು. ತೊಳೆದಿಟ್ಟ ತಾಟಿನಿಂದ ನೀರು ದಿನಾ ಸೋರುತ್ತದೆ. ಮಾಂಡಣಿ ಲೋಹದ್ದು. ವಾಯರಿನ ಸಿಪ್ಪೆ ಒಂದು ಕಡೆ ಸವೆದರೆ ಇಡೀ ಮಾಂಡಣಿಗೆ ಕರೆಂಟ್ ಇಳಿದೀತು, ಒದ್ದೆ ಕೈಯಿಂದ ತಾಟು ತೆಗೆಯಲು ಹೋದವರ ಗತಿ ಹೇಳಬೇಕಾಗಿಲ್ಲ. ಮಾಂಡಣಿಯ ಕೆಳಗೆ ಒಂದು ಗೇಣು ಜಾಗ ಬಿಟ್ಟು, ಗೋಡೆಗೆ ಕಟ್ಟಿಗೆಯ ಪಟ್ಟಿ ಹೊಡೆದು, ಅದಕ್ಕೆ ದೀಪ ಕೂಡಿಸುವುದು ಸುರಕ್ಷಿತ. ನೀರು ತಡೆಯುವ ದೀಪ ಕೇಳಿ ತರಬೇಕು. ಪ್ಯಾಕಿನ ಮೇಲೆ ‘ಐಪಿ 65’ ಎಂದಿರುತ್ತದೆ. ‘ಐಪಿ 20’ ಎಂದಿದ್ದರೆ ಅದು ಒಣ ಜಾಗಕ್ಕೆ ಮಾತ್ರ, ಕಪಾಟಿನ ತಳಕ್ಕೆ ನಡೆದೀತು, ಮಾಂಡಣಿಯ ಕೆಳಗೆ, ಸಿಂಕಿನ ಮೇಲೆ ನಡೆಯದು. ಗೋಡೆಯ ದೀಪ ಕಪಾಟಿನಂತೆ ಮುಂದೆ ಬರುವುದಿಲ್ಲ ಎನ್ನುವುದು ಖರೇ. ಆದರೂ ಬೆನ್ನ ಹಿಂದಿನ ಬೆಳಕಿಗಿಂತ ಮುಖದ ಮುಂದಿನ ಬೆಳಕು ಎಷ್ಟೋ ಪಾಲು ಮೇಲು.

ಯಾವುದು ತರಬೇಕು?

ಅಂಗಡಿಯಲ್ಲಿ ಮುಖ್ಯವಾಗಿ ಮೂರು ಬಗೆ ಸಿಗುತ್ತವೆ. ಮೊದಲನೆಯದು ತೆಳ್ಳನೆಯ ಎಲ್‌ಇಡಿ ಬ್ಯಾಟನ್, ‘ಟಿ-ಫೈವ್’ ಎಂದು ಕೇಳಿದರೆ ಕೊಡುತ್ತಾರೆ. ಒಂದಡಿ, ಎರಡಡಿ, ನಾಲ್ಕಡಿ ಉದ್ದದಲ್ಲಿ ಬರುತ್ತದೆ. ಎರಡಡಿಯದು ಸಾಮಾನ್ಯವಾಗಿ 8ರಿಂದ 10 ವ್ಯಾಟ್, ನಾಲ್ಕಡಿಯದು 18ರಿಂದ 20. ನೇರ ಮನೆಯ ಕರೆಂಟಿಗೆ ಜೋಡಿಸಬಹುದು, ಬೇರೆ ಡಬ್ಬಿ ಬೇಡ, ಮುಚ್ಚಳ ಅದಕ್ಕೇ ಇರುತ್ತದೆ. ಕೆಟ್ಟರೆ ಬಿಚ್ಚಿ ಇನ್ನೊಂದು ಹಾಕಿದರಾಯಿತು. ಹೆಚ್ಚಿನ ಮನೆಗಳಿಗೆ ಇದೇ ಸಾಕು, ಬಾಡಿಗೆ ಮನೆಯವರಿಗಂತೂ ಇದೇ ಸರಿ.

ಎರಡನೆಯದು ರೀಲಿನಿಂದ ಕತ್ತರಿಸಿ ಕೊಡುವ ಪಟ್ಟಿ ದೀಪ. ಇದು 12 ಅಥವಾ 24 ವೋಲ್ಟಿನದು, ಡ್ರೈವರ್ ಎನ್ನುವ ಡಬ್ಬಿ ಬೇಕೇ ಬೇಕು. ಎಲ್ ಆಕಾರದ ಉದ್ದ ಕಟ್ಟೆಗೆ ಮೂಲೆಯಲ್ಲೂ ಕತ್ತಲು ಉಳಿಯದ ಹಾಗೆ ಹಾಯಿಸಬಹುದು. ಇದರಲ್ಲಿ ಮೋಸ ಹೋಗುವವರು ಜಾಸ್ತಿ. ಅಂಟು ಇರುತ್ತದೆ ಎಂದು ನೇರ ಸನ್‌ಮೈಕಾಕ್ಕೆ ಅಂಟಿಸಿದರೆ ಸೋಲಾಪುರದ ಮೇ ತಿಂಗಳ ಬಿಸಿಲು, ಅದರ ಮೇಲೆ ಒಗ್ಗರಣೆಯ ಜಿಡ್ಡು ಸೇರಿ ಒಂದೇ ಬೇಸಿಗೆಗೆ ಪಟ್ಟಿ ಜೋತು ಬೀಳುತ್ತದೆ. ಅಲ್ಯುಮಿನಿಯಂ ಚಾನೆಲ್ ಹಾಕಿ ಅದರೊಳಗೆ ಕೂಡಿಸಬೇಕು. ಚಾನೆಲ್ ಅಂದಕ್ಕಲ್ಲ, ದೀಪದ ಕಾವು ಎಳೆದುಕೊಳ್ಳುವುದಕ್ಕೆ. ಕಾವು ಹೋಗದಿದ್ದರೆ ಎಲ್‌ಇಡಿ ಬೇಗ ಮಂಕಾಗುತ್ತದೆ. ಮೀಟರಿಗೆ 120 ದೀಪ ಇರುವ, ಸುಮಾರು 10 ವ್ಯಾಟಿನ ಪಟ್ಟಿ ಅಡುಗೆ ಕೆಲಸಕ್ಕೆ ಸಾಕು. 12 ವೋಲ್ಟಿನ ಪಟ್ಟಿಯನ್ನು ಐದು ಮೀಟರಿಗಿಂತ ಉದ್ದ ಒಂದೇ ತುದಿಯಿಂದ ಜೋಡಿಸಿದರೆ ಕೊನೆಯ ಭಾಗ ಮಂಕಾಗಿ ಉರಿಯುತ್ತದೆ. ಡ್ರೈವರ್ ತರುವಾಗ ಪಟ್ಟಿಯ ಒಟ್ಟು ವ್ಯಾಟಿಗಿಂತ ನೂರಕ್ಕೆ ಇಪ್ಪತ್ತರಷ್ಟು ಹೆಚ್ಚಿನದು ತರಬೇಕು.

ಮೂರನೆಯದು ಚಾರ್ಜ್ ಮಾಡುವ, ಅಯಸ್ಕಾಂತದಿಂದ ಅಂಟುವ, ಕೈ ಆಡಿಸಿದರೆ ಹತ್ತುವ ದೀಪ. ರಾತ್ರಿ ಎದ್ದು ನೀರು ಕುಡಿಯಲು ಚಲೋ. ರೊಟ್ಟಿ ಬಡಿಯಲು ಅದರ ಬೆಳಕು ಸಾಲುವುದಿಲ್ಲ. ಬ್ಯಾಟರಿ ಇರುವುದರಿಂದ ಒಲೆಯ ಹತ್ತಿರ ಇಡುವುದೂ ಬೇಡ. ಇನ್ನು ರಿಮೋಟ್ ಒತ್ತಿದರೆ ಕೆಂಪು, ನೀಲಿ, ಹಸಿರು ಆಗುವ ದೀಪಗಳ ಮಾತು ಬೇಡ. ನೀಲಿ ಬೆಳಕಿನಲ್ಲಿ ಹೆಚ್ಚಿದ ಬದನೆಕಾಯಿ ಕೆಟ್ಟಿದೆಯೋ ಇಲ್ಲವೋ ಎಂದು ಯಾವ ತಾಯಿಯೂ ಹೇಳಲಾರಳು.

ಪಾಂಢರಾ, ಪಿವಳಾ

ಕೌಂಟರಿನ ಆಚೆಯಿಂದ ಬರುವ ಮೊದಲ ಪ್ರಶ್ನೆ ‘ಪಾಂಢರಾ ಪಾಹಿಜೆ ಕಾ ಪಿವಳಾ?’ ಎಂದು. ಬಿಳಿ ಬೇಕೋ, ಹಳದಿ ಬೇಕೋ. ಬಹಳ ಮಂದಿ ಕೇಳಿದ ಕೂಡಲೇ ‘ಪಾಂಢರಾ’ ಎನ್ನುತ್ತಾರೆ. ಬಿಳಿ ಬೆಳಕು ಜಾಸ್ತಿ ಕಾಣುತ್ತದೆ ಎನ್ನುವ ನಂಬಿಕೆ. ಈ ಬಣ್ಣವನ್ನು ಕೆಲ್ವಿನ್ ಎನ್ನುವ ಅಂಕಿಯಲ್ಲಿ ಬರೆದಿರುತ್ತಾರೆ. 2700ರಿಂದ 3000 ಎಂದರೆ ಹಳೆಯ ಬಲ್ಬಿನ ಹಳದಿ, 6500 ಎಂದರೆ ನೀಲಿ ಛಾಯೆಯ ಬಿಳಿ. ಎರಡರ ನಡುವೆ 4000 ಇದೆ. ಕೇಳಿದರೆ ಮಾತ್ರ ಒಳಗಿನಿಂದ ತೆಗೆದುಕೊಡುತ್ತಾರೆ. ಅಡುಗೆ ಕಟ್ಟೆಗೆ ಹೊಂದುವುದು ಅದೇ. ಹರಳು, ಹುಳ ಎದ್ದು ಕಾಣುತ್ತವೆ, ಅಡುಗೆಯೂ ಸುಣ್ಣ ಬಳಿದಂತೆ ಪೇಲವವಾಗಿ ಕಾಣುವುದಿಲ್ಲ. ಮಳೆಗಾಲದಲ್ಲಿ ದೀಪದ ಹುಳ ಸಾರಿನ ಪಾತ್ರೆಗೆ ಬೀಳುವ ಕಾಟ ಇದ್ದವರು 3000ದ ಕಡೆಗೆ ಸರಿಯಬಹುದು. ಬೆಳಕಿನಲ್ಲಿ ನೀಲಿ ಕಡಿಮೆ ಇದ್ದಷ್ಟೂ ಹುಳ ಕಡಿಮೆ ಬರುತ್ತವೆ.

ಕೆಲ್ವಿನ್‌ಗಿಂತ ಮುಖ್ಯವಾದ ಇನ್ನೊಂದು ಅಂಕಿ ‘ಸಿಆರ್‌ಐ’. ವಸ್ತುವಿನ ನಿಜವಾದ ಬಣ್ಣ ಆ ಬೆಳಕಿನಲ್ಲಿ ಎಷ್ಟು ಸರಿಯಾಗಿ ಕಾಣುತ್ತದೆ ಎನ್ನುವುದರ ಅಳತೆ, ನೂರಕ್ಕೆ ಇಷ್ಟು ಎಂದು. 80ಕ್ಕಿಂತ ಕಡಿಮೆ ಇದ್ದರೆ ಬೇಡ, 90 ಸಿಕ್ಕರೆ ಬಿಡಬಾರದು. ಅಗ್ಗದ ದೀಪಗಳಲ್ಲಿ ಕೆಂಪು ಬಣ್ಣವೇ ಮೊದಲು ಸಾಯುತ್ತದೆ. ಹುರಿದ ಶೇಂಗಾ, ಕೆಂಪು ಖಾರ, ಮಾಂಸದ ತಾಜಾತನ, ಕೈಗೆ ತಾಗಿದ ಚಾಕುವಿನ ಗಾಯ, ಎಲ್ಲ ಕೆಂಪಿನ ಮೇಲೆಯೇ ನಿಂತಿದೆ. ಪ್ಯಾಕಿನ ಮೇಲೆ ಸಿಆರ್‌ಐ ಬರೆದಿಲ್ಲ ಎಂದರೆ ಹೇಳಿಕೊಳ್ಳುವಂತಹದ್ದು ಇಲ್ಲ ಎಂದೇ ತಿಳಿಯಬೇಕು.

ಅಂಗಡಿಯಲ್ಲಿ ದೀಪ ಹಚ್ಚಿಸಿ ಮೊಬೈಲ್ ಕ್ಯಾಮೆರಾದಲ್ಲಿ, ನಿಧಾನಗತಿಯ ವಿಡಿಯೋ ಇದ್ದರೆ ಅದರಲ್ಲಿ, ನೋಡಬೇಕು. ಕಪ್ಪು ಪಟ್ಟೆಗಳು ಜೋರಾಗಿ ಓಡಿದರೆ ದೀಪ ಮಿಣುಕುತ್ತಿದೆ ಎಂದರ್ಥ. ಬರಿಗಣ್ಣಿಗೆ ಕಾಣದಿದ್ದರೂ ಕೆಲವರಿಗೆ ತಲೆನೋವು ತರುತ್ತದೆ. ಡ್ರೈವರಿನ ಮೇಲೆ, ಬ್ಯಾಟನ್ನಿನ ಮೇಲೆ ಭಾರತೀಯ ಮಾನಕ ಬ್ಯೂರೋದ ಗುರುತು, ‘ಆರ್’ ಅಕ್ಷರದಿಂದ ಶುರುವಾಗುವ ಎಂಟಂಕಿಯ ನೋಂದಣಿ ಸಂಖ್ಯೆ ಇರಬೇಕು. ಬ್ಯೂರೋದ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ಕಂಪನಿಯ ಯಾವ ಸರಕು ಎಂದು ತೋರಿಸುತ್ತದೆ. ಎರಡು ವರ್ಷದ ವಾರಂಟಿ ಎಂದು ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಪಕ್ಕಾ ಬಿಲ್ಲಿನ ಮೇಲೆ ತಾರೀಖು ಬರೆಸಿಕೊಳ್ಳಬೇಕು.

ವಾಯರಮನ್ ಬಂದ ದಿನ

ಟೈಲ್ಸ್ ಹಚ್ಚುವ ಮೊದಲೇ ಪಾಯಿಂಟ್ ಬಿಡಿಸಿದರೆ ಕೆಲಸ ಅಚ್ಚುಕಟ್ಟು. ಟೈಲ್ಸ್ ಆದ ಮೇಲೆ ನೆನಪಾದರೆ ಕಪಾಟಿನ ಒಳಗಿನಿಂದ ಪಟ್ಟಿ ಹೊಡೆದು ವಾಯರ್ ಎಳೆಯಬಹುದು. ಕಟ್ಟೆಯ ಮೇಲೆ ಜೋತು ಬಿದ್ದ ವಾಯರ್, ಟೇಪ್ ಸುತ್ತಿದ ಜೋಡಣೆ, ಮಿಕ್ಸರಿನ ಪ್ಲಗ್ಗಿನಿಂದಲೇ ಎಳೆದ ಕನೆಕ್ಷನ್, ಇವು ಮೂರೂ ಬೇಡ. ಸ್ವಿಚ್ಚು ಸಿಂಕಿನಿಂದ ದೂರ, ಸಿಲಿಂಡರಿನ ಹತ್ತಿರವೂ ಬೇಡ. ಗ್ಯಾಸಿನ ವಾಸನೆ ಬಂದಾಗ ದೀಪದ ಸ್ವಿಚ್ಚು ಮುಟ್ಟಬಾರದು ಎನ್ನುವುದು ಎಲ್ಲರಿಗೂ ಗೊತ್ತು. ಆದರೆ ಸೆನ್ಸರ್ ಇರುವ ದೀಪ ಯಾರೂ ಮುಟ್ಟದೆಯೇ ಹತ್ತುತ್ತದೆ. ಅಡುಗೆ ಮನೆಗೆ ಕೈಯಿಂದ ಒತ್ತುವ ಸ್ವಿಚ್ಚೇ ಚಲೋ ಎನ್ನುವುದಕ್ಕೆ ಇದೂ ಒಂದು ಕಾರಣ.

ಮನೆಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇಲ್ಲದಿದ್ದರೆ ಈ ನೆಪದಲ್ಲಾದರೂ ಹಾಕಿಸಬೇಕು. ಅರ್ಥಿಂಗ್ ಸರಿ ಇದೆಯೇ ಎಂದು ವಾಯರಮನ್‌ನಿಂದ ನೋಡಿಸಬೇಕು. ದೀಪಕ್ಕಿಂತ ಇದಕ್ಕೆ ಹೆಚ್ಚು ಖರ್ಚು ಬಂದರೂ ಚಿಂತೆಯಿಲ್ಲ. 2005ರ ಆಚೀಚಿನ ವರ್ಷಗಳ ಲೋಡ್‌ಶೆಡ್ಡಿಂಗ್ ಕಂಡವರ ಮನೆಯಲ್ಲಿ ಇನ್ವರ್ಟರ್ ಇನ್ನೂ ಇರುತ್ತದೆ. ಅದರ ಲೈನು ಟಿವಿಗೆ, ಫ್ಯಾನಿಗೆ ಇರುತ್ತದೆ, ಅಡುಗೆ ಕಟ್ಟೆಗೆ ಇರುವುದಿಲ್ಲ. ಈ ದೀಪವನ್ನು ಇನ್ವರ್ಟರ್ ಲೈನಿಗೇ ಹಾಕಿಸಿದರೆ ಕುದಿಯುವ ಎಣ್ಣೆಯ ಮುಂದೆ ಕತ್ತಲಲ್ಲಿ ನಿಲ್ಲುವುದು ತಪ್ಪುತ್ತದೆ.

ಬಿಲ್ಲಿನ ಅಂಜಿಕೆ ಬೇಡ. ಆರಡಿ ಕಟ್ಟೆಗೆ 18 ವ್ಯಾಟ್ ಹಿಡಿದರೆ, ದಿನಕ್ಕೆ ನಾಲ್ಕು ತಾಸು ಉರಿದರೆ, ತಿಂಗಳಿಗೆ ಆಗುವುದು ಎರಡು ಯುನಿಟ್ ಚಿಲ್ಲರೆ. ಹಳೆಯ 40 ವ್ಯಾಟಿನ ದಪ್ಪ ಟ್ಯೂಬ್ ಚೋಕ್ ಸೇರಿ 50 ವ್ಯಾಟ್ ಎಳೆಯುತ್ತಿತ್ತು, ಅಷ್ಟೇ ತಾಸಿಗೆ ಆರು ಯುನಿಟ್. ಮಹಾವಿತರಣದ ಮೊದಲ ಹಂತ 100 ಯುನಿಟ್‌ವರೆಗೆ ಇರುವುದರಿಂದ ಅದರ ಅಂಚಿನಲ್ಲಿರುವ ಸಣ್ಣ ಮನೆಯವರು ಟ್ಯೂಬನ್ನೂ ಎಲ್‌ಇಡಿಗೆ ಬದಲಿಸಿಕೊಂಡರೆ, ಎರಡೂ ಸೇರಿ ಹಳೆಯ ಖರ್ಚಿನೊಳಗೇ ಬರುತ್ತವೆ. ಟ್ಯೂಬ್ ಪೂರಾ ತೆಗೆಯುವುದು ಬೇಡ. ಕಟ್ಟೆ ಮಾತ್ರ ಬೆಳಗಿ ಹಿಂದೆಲ್ಲ ಕತ್ತಲಾದರೆ ಕಣ್ಣಿಗೆ ಅದೂ ದಣಿವೇ.

ಕೆಡುವುದು ಬಹಳ ಸಲ ದೀಪವಲ್ಲ, ಡ್ರೈವರ್. ಅದನ್ನು ಕಪಾಟಿನ ಹಿಂದೆ ಹುಗಿದರೆ ಮುಂದೆ ಒಂದು ದಿನ ಕಪಾಟೇ ಇಳಿಸಬೇಕಾಗುತ್ತದೆ. ಕಪಾಟಿನ ಮೇಲೆ, ಗಾಳಿಯಾಡುವ, ಕೈಗೆ ಸಿಗುವ ಜಾಗದಲ್ಲಿ ಇಡಿಸಬೇಕು. ಮುಚ್ಚಳದ ಮೇಲೆ ಜಿಡ್ಡು ಕೂತರೆ ಬೆಳಕು ಅರ್ಧಕ್ಕೆ ಇಳಿಯುತ್ತದೆ. ತಿಂಗಳಿಗೊಮ್ಮೆ ಸ್ವಿಚ್ಚು ಆರಿಸಿ, ಸಾಬೂನು ನೀರಿನ ಬಟ್ಟೆ ಹಿಂಡಿ ಒರೆಸಿ, ಪೂರಾ ಒಣಗಿದ ಮೇಲೆ ಹಚ್ಚಬೇಕು.

ಅಳತೆ ಹಿಡಿಯುವ ದಿನ ಸುತಾರ, ವಾಯರಮನ್, ಮನೆಯ ಯಜಮಾನ ಮೂವರೂ ಅಡುಗೆ ಮನೆಯಲ್ಲಿ ಇರುತ್ತಾರೆ. ಅಲ್ಲಿ ದಿನಾ ನಿಲ್ಲುವವರು ಮಾತ್ರ ಹೊರಗೆ ಚಹಾ ಸೋಸುತ್ತಿರುತ್ತಾರೆ. ಕಪಾಟಿನ ಎತ್ತರ, ಪಟ್ಟಿಯ ಅಗಲ, ದೀಪದ ಜಾಗ ಮೂರಕ್ಕೂ ಪೆನ್ಸಿಲ್ ಗೆರೆ ಬೀಳಬೇಕಾದದ್ದು ಅವರು ಕಟ್ಟೆಯ ಮುಂದೆ ಬಂದು ನಿಂತ ಮೇಲೆ, ಅವರ ಕಣ್ಣಿನ ಮಟ್ಟ ಹಿಡಿದು. ಅತ್ತೆ, ಸೊಸೆ ಇಬ್ಬರೂ ಅಡುಗೆ ಮಾಡುವ ಮನೆಯಾದರೆ ಗಿಡ್ಡ ಇದ್ದವರ ಕಣ್ಣಿನ ಮಟ್ಟ ಹಿಡಿಯಬೇಕು. ದೀಪ ಕಣ್ಣಿಗೆ ಬೀಳುವುದು ಅವರಿಗೇ ಮೊದಲು.